ಸರದಿಯ ಸಂಕಟ, ಸರದಿಯ ನೆರವು: ಬುಟಿಬೋರಿಯಿಂದ ಬೆಂಗಳೂರಿಗೆ ಒಂದು ನಂಟು

ಬುಟಿಬೋರಿ (ನಾಗಪುರ): ನಾಗಪುರದಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿರುವ ಬುಟಿಬೋರಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು. ಪಾಲಿಯೆಸ್ಟರ್ ನೂಲು, ಟೈರು, ವಿದ್ಯುತ್ ಪ್ರಸರಣದ ಗೋಪುರ ಮುಂತಾದವು ಇಲ್ಲಿ ತಯಾರಾಗುತ್ತವೆ. ಇದರ ಮಗ್ಗುಲಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44, ಅಂದರೆ ಹಳೆಯ ಲೆಕ್ಕದ ಹೆದ್ದಾರಿ 7, ಹೈದರಾಬಾದು, ಕರ್ನೂಲು, ಅನಂತಪುರಗಳನ್ನು ದಾಟಿ ಚಿಕ್ಕಬಳ್ಳಾಪುರದ ದಾರಿಯಾಗಿ ಬೆಂಗಳೂರನ್ನು ಸೇರುತ್ತದೆ. ದೆಹಲಿಗೂ ಬೆಂಗಳೂರಿಗೂ ನಡುವೆ ಓಡುವ ರಾಜಧಾನಿ ಎಕ್ಸ್‌ಪ್ರೆಸ್ ಬುಟಿಬೋರಿಯ ನಿಲ್ದಾಣವನ್ನು ನಿಲ್ಲದೆಯೇ ದಾಟುತ್ತದೆ. ರಸ್ತೆಯೂ ಒಂದೇ, ಹಳಿಯೂ ಒಂದೇ. ಆದರೆ ಆ ಊರಿಗೆ ಬಂದ ಕಷ್ಟ ಈ ಊರಿಗೆ ತಿಳಿಯುವುದು ದೂರದರ್ಶನದ ವಾರ್ತೆಯಿಂದ ಮಾತ್ರ ಎಂಬಂತಹ ಸ್ಥಿತಿ ಇಂದಿಗೂ ಇದೆ.

2020ರಿಂದೀಚೆಗೆ ಕನ್ನಡ ಸಂಘಗಳ ಚಟುವಟಿಕೆಯಲ್ಲಿ ಅಂತರ್ಜಾಲದ ಕಾರ್ಯಕ್ರಮಗಳು ಸಾಮಾನ್ಯವಾದವು. ಒಂದು ನಗರದವರು ಹಾಡಿದರೆ ಇನ್ನೊಂದು ನಗರದವರು ಮನೆಯಲ್ಲಿ ಕುಳಿತು ಕೇಳಿದರು. ಕಷ್ಟದಲ್ಲಿದ್ದ ಊರಿಗೆ ಧೈರ್ಯ ತುಂಬುವುದು ಇವುಗಳಲ್ಲಿ ಎಷ್ಟೋ ಕಾರ್ಯಕ್ರಮಗಳ ಆಶಯವಾಗಿತ್ತು. ಆಶಯ ಒಳ್ಳೆಯದೇ. ಆದರೆ ಹಾಡು, ನಾಟಕ, ಕವಿಗೋಷ್ಠಿಗಳ ಈ ವಿನಿಮಯದಿಂದ ಸಂಕಟದಲ್ಲಿರುವ ನಗರಕ್ಕೆ ನಿಜವಾಗಿ ಏನು ದಕ್ಕುತ್ತದೆ? ಯಾವ ಸಂದರ್ಭದಲ್ಲಿ ದಕ್ಕುತ್ತದೆ? ಈ ಪ್ರಶ್ನೆಯನ್ನು ನಾವು ಇನ್ನೂ ಗಂಭೀರವಾಗಿ ಕೇಳಿಕೊಂಡಿಲ್ಲ. ನಾಗಪುರ ಮತ್ತು ಬೆಂಗಳೂರುಗಳ ಇತ್ತೀಚಿನ ವರ್ಷಗಳ ಅನುಭವವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರದ ಜಾಡು ಸಿಗುತ್ತದೆ.

ಒಂದೇ ವೇಳೆಗೆ ಬಾರದ ಕಷ್ಟ

ಕೋವಿಡ್‌ನ ಎರಡನೆಯ ಅಲೆ ದೇಶದ ಎಲ್ಲ ನಗರಗಳಿಗೂ ಒಂದೇ ದಿನ ಬರಲಿಲ್ಲ. ವಿದರ್ಭಕ್ಕೆ ಅದು ಮೊದಲೇ ಬಂದಿತು. 2021ರ ಫೆಬ್ರುವರಿ ಕೊನೆಯ ವಾರದಲ್ಲಿ ಅಮರಾವತಿಯಲ್ಲಿ ಲಾಕ್‌ಡೌನ್ ಜಾರಿಯಾಯಿತು. ಮಾರ್ಚ್ 15ರಿಂದ 21ರವರೆಗೆ ನಾಗಪುರ ನಗರವೂ ಬಾಗಿಲು ಮುಚ್ಚಿತು. ಏಪ್ರಿಲ್ ತಿಂಗಳಲ್ಲಿ ನಾಗಪುರ ಜಿಲ್ಲೆಯಲ್ಲಿ ಒಂದೇ ದಿನ 7,000ಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾದ ದಿನಗಳಿದ್ದವು. ಬುಟಿಬೋರಿಯಲ್ಲಿಯೇ ದ್ರವ ಆಮ್ಲಜನಕದ ತಯಾರಿಕೆ ಇದ್ದರೂ ಜಿಲ್ಲೆಯ ಬೇಡಿಕೆ ಅದನ್ನು ಮೀರಿತು. ಛತ್ತೀಸಗಢದ ಭಿಲಾಯಿಯಿಂದ ಟ್ಯಾಂಕರುಗಳು ಬರಬೇಕಾಯಿತು. ಏಪ್ರಿಲ್ 22ರಿಂದ, ವಿನಾಯಿತಿ ಪಡೆದ ಕೆಲವು ಉದ್ಯಮಗಳ ಹೊರತು, ಕಾರ್ಖಾನೆಗಳಿಗೆ ಆಮ್ಲಜನಕ ಪೂರೈಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಮರುದಿನ, ಏಪ್ರಿಲ್ 23ರ ರಾತ್ರಿ, ದೇಶದ ಮೊದಲ ಆಮ್ಲಜನಕ ರೈಲು ವಿಶಾಖಪಟ್ಟಣದಿಂದ ನಾಗಪುರಕ್ಕೆ ಬಂದಿತು. ಅದರಲ್ಲಿದ್ದ 7 ಟ್ಯಾಂಕರುಗಳಲ್ಲಿ 3 ನಾಗಪುರದಲ್ಲಿ ಇಳಿದವು; ಉಳಿದವು ನಾಸಿಕಕ್ಕೆ ಹೋದವು.

ಬೆಂಗಳೂರಿನ ಕಠಿಣ ದಿನಗಳು ಇದರ ಬೆನ್ನಿಗೇ ಬಂದವು. ಏಪ್ರಿಲ್ 30ರಂದು ಬೆಂಗಳೂರಿನಲ್ಲಿ 26,000ಕ್ಕೂ ಹೆಚ್ಚು ಹೊಸ ಪ್ರಕರಣಗಳು ವರದಿಯಾದವು. ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಸಂಭವಿಸಿದ ಸಾವುಗಳನ್ನು ಕನ್ನಡ ನಾಡು ಮರೆಯಲಾರದು. ಮೇ 5ರಂದು ರಾಜ್ಯದ ದೈನಂದಿನ ಪ್ರಕರಣಗಳು 50,000 ದಾಟಿದವು. ಅದೇ ದಿನ ಕರ್ನಾಟಕ ಉಚ್ಚ ನ್ಯಾಯಾಲಯವು ರಾಜ್ಯದ ಆಮ್ಲಜನಕದ ಪಾಲನ್ನು ದಿನಕ್ಕೆ 1,200 ಟನ್ನಿಗೆ ಏರಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಎರಡು ದಿನಗಳ ನಂತರ ಆ ಆದೇಶದಲ್ಲಿ ಹಸ್ತಕ್ಷೇಪ ಮಾಡಲು ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿತು. ಮೇ 11ರಂದು ಟಾಟಾನಗರದಿಂದ 120 ಟನ್ ಆಮ್ಲಜನಕ ಹೊತ್ತ ರೈಲು ಬೆಂಗಳೂರಿನ ವೈಟ್‌ಫೀಲ್ಡ್ ತಲುಪಿತು.

ಈ ದಿನಾಂಕಗಳನ್ನು ಗಮನಿಸಬೇಕು. ನಾಗಪುರಕ್ಕೆ ಆಮ್ಲಜನಕದ ರೈಲು ಬಂದದ್ದಕ್ಕೂ ಬೆಂಗಳೂರಿಗೆ ಬಂದದ್ದಕ್ಕೂ ನಡುವೆ 18 ದಿನಗಳ ಅಂತರವಿದೆ. ನಾಗಪುರದ ಮಾರ್ಚ್ ತಿಂಗಳ ಲಾಕ್‌ಡೌನಿಗೂ ಕರ್ನಾಟಕದಲ್ಲಿ ಏಪ್ರಿಲ್ 27ರಂದು ಆರಂಭವಾದ ನಿರ್ಬಂಧಗಳಿಗೂ ನಡುವೆ ಆರು ವಾರಗಳಿವೆ. ಹಾಸಿಗೆ ಹುಡುಕುವ ಬಗೆ ಯಾವುದು, ಮನೆಯಲ್ಲಿಯೇ ಇರುವ ರೋಗಿಯ ಉಸಿರಾಟವನ್ನು ಗಮನಿಸುವ ಕ್ರಮ ಯಾವುದು, ಯಾವ ವದಂತಿಯನ್ನು ನಂಬಬಾರದು, ಯಾವ ಔಷಧಿಗಾಗಿ ಅಲೆದರೆ ಫಲವಿಲ್ಲ ಎಂಬುದನ್ನೆಲ್ಲ ನಾಗಪುರದ ಮನೆಗಳು ನೋವಿನಿಂದ ಕಲಿತಿದ್ದವು. ಆ ತಿಳಿವಳಿಕೆ ಬೆಂಗಳೂರಿನ ಮನೆಗಳಿಗೆ ಮುಂಚಿತವಾಗಿ ಮುಟ್ಟಬಹುದಿತ್ತು. ಅದನ್ನು ಮುಟ್ಟಿಸಲು ಸರ್ಕಾರಗಳ ಆದೇಶ ಬೇಕಿರಲಿಲ್ಲ. ಪರಸ್ಪರ ಹೆಸರು ಹಿಡಿದು ಕರೆಯುವಷ್ಟು ಪರಿಚಯವಿರುವ ಐವತ್ತು ಮನೆಗಳು ಅಲ್ಲಿ, ಐವತ್ತು ಮನೆಗಳು ಇಲ್ಲಿ ಇದ್ದಿದ್ದರೆ ಸಾಕಾಗಿತ್ತು.

ಕೋವಿಡ್ ಒಂದು ಅಪವಾದವೆಂದು ಭಾವಿಸಬೇಕಾಗಿಲ್ಲ. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ 130 ಮಿ.ಮೀ. ಮೀರಿ ಮಳೆ ಸುರಿಯಿತು; ಕೆರೆಗಳು ಉಕ್ಕಿ, ರಾಜಕಾಲುವೆಗಳು ನೀರನ್ನು ಹೊರಲಾರದೆ, ಹೊರವರ್ತುಲ ರಸ್ತೆಯ ಬಡಾವಣೆಗಳಿಗೆ ಟ್ರ್ಯಾಕ್ಟರು ಮತ್ತು ದೋಣಿಗಳಲ್ಲಿ ಹೋಗಬೇಕಾಯಿತು. ಒಂದು ವರ್ಷ ಕಳೆದು 2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ನಾಗಪುರದಲ್ಲಿ ಕೆಲವೇ ಗಂಟೆಗಳಲ್ಲಿ 100 ಮಿ.ಮೀ.ಗಿಂತ ಹೆಚ್ಚು ಮಳೆಯಾಗಿ ಅಂಬಾಝರಿ ಕೆರೆ ಉಕ್ಕಿತು, ನಾಗ ನದಿಯ ಪಕ್ಕದ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು, ಜೀವಹಾನಿಯೂ ಆಯಿತು. ಎರಡೂ ನಗರಗಳಲ್ಲಿ ಕೆರೆ ಉಕ್ಕಿತು, ಎರಡೂ ಕಡೆ ನೀರಿನ ದಾರಿ ಇಕ್ಕಟ್ಟಾಗಿತ್ತು. ನಗರಗಳ ಕಷ್ಟಗಳು ಸರದಿಯಲ್ಲಿ ಬರುತ್ತವೆ. ಒಂದು ನಗರ ಬಳಲುವಾಗ ಇನ್ನೊಂದು ಸುಮಾರಾಗಿ ನೆಮ್ಮದಿಯಿಂದಿರುತ್ತದೆ. ಆ ನೆಮ್ಮದಿಯ ಹೊತ್ತಿನಲ್ಲಿ ಅದರ ಕೈ ಖಾಲಿ ಇರುತ್ತದೆ. ನೆರವು ಎಂಬುದಕ್ಕೆ ಅವಕಾಶ ಹುಟ್ಟುವುದು ಈ ಅಂತರದಲ್ಲಿಯೇ.

ಹಾಡು ಆಮ್ಲಜನಕವಾಗಲಾರದು

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಜನ ಸಾಯುತ್ತಿರುವಾಗ ಸಂಗೀತ ಕಾರ್ಯಕ್ರಮವೇಕೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತವರಿಗೆ ಭಾವಗೀತೆಯಿಂದ ಪ್ರಯೋಜನವಿಲ್ಲ. ಸಂಕಟದ ಮಧ್ಯದಲ್ಲಿ ಅವಸರದಿಂದ ಏರ್ಪಡಿಸಿದ ಕಾರ್ಯಕ್ರಮ ಬಹುಮಟ್ಟಿಗೆ ಅದನ್ನು ಏರ್ಪಡಿಸಿದವರ ಮನಸ್ಸಿಗೇ ಸಮಾಧಾನ ಕೊಡುತ್ತದೆ.

ಹಣ ಕೂಡಿಸುವುದರಲ್ಲಿ ಅಂತರ್ಜಾಲದ ವೇದಿಕೆಗಳ ಸಾಮರ್ಥ್ಯ ಸಂದೇಹಕ್ಕೆ ಮೀರಿದ್ದು. 2020ರ ಏಪ್ರಿಲ್‌ನಲ್ಲಿ ವಿಶ್ವದ ಖ್ಯಾತ ಗಾಯಕರು ತಮ್ಮ ತಮ್ಮ ಮನೆಗಳಿಂದಲೇ ನಡೆಸಿಕೊಟ್ಟ ಕಾರ್ಯಕ್ರಮ ಸುಮಾರು 12.8 ಕೋಟಿ ಡಾಲರ್ ನೆರವಿಗೆ ಕಾರಣವಾಯಿತು. ಅದೇ ವರ್ಷ ಮೇ 3ರಂದು ಭಾರತೀಯ ಕಲಾವಿದರು ನಡೆಸಿದ ಇಂಥದೇ ಕಾರ್ಯಕ್ರಮದಿಂದ 50 ಕೋಟಿ ರೂಪಾಯಿಗೂ ಹೆಚ್ಚು ಕೂಡಿತು. ಇವು ದೊಡ್ಡ ಮೊತ್ತಗಳು. ಆದರೆ ಇಂತಹ ಹಣ ದೊಡ್ಡ ಕಾಲುವೆಗಳಲ್ಲಿ ಹರಿಯುತ್ತದೆ. ಬುಟಿಬೋರಿಯ ಕಾರ್ಖಾನೆಯೊಂದರ ಹಿಂದಿನ ಬಾಡಿಗೆ ಮನೆಯಲ್ಲಿ ಜ್ವರದಿಂದ ಮಲಗಿರುವ ಸಂಸಾರದ ತನಕ ಅದು ತಾನಾಗಿ ಬರುವುದಿಲ್ಲ. ಆ ಮನೆಯ ಬಾಗಿಲು ಎಲ್ಲಿದೆ ಎಂದು ಬಲ್ಲವರು ಬೇಕು.

ಬಲ್ಲವರು ಇದ್ದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯೇ ನಿದರ್ಶನ. ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿಯ ನಂತರ ಆರಂಭವಾಗಿ ಮೇ ಕೊನೆಯ ಪತ್ತನಾಜೆಯವರೆಗೆ ನಡೆಯುತ್ತದೆ. 2020ರ ಮಾರ್ಚ್ ಮಧ್ಯದಲ್ಲಿ ಆಟಗಳು ಹಠಾತ್ತನೆ ನಿಂತಾಗ ಕಲಾವಿದರು ವರ್ಷದ ದುಡಿಮೆಯ ಮುಖ್ಯ ಭಾಗವನ್ನೇ ಕಳೆದುಕೊಂಡರು. 1975ರಿಂದ ಕೆಲಸ ಮಾಡುತ್ತಿರುವ ಉಡುಪಿಯ ಯಕ್ಷಗಾನ ಕಲಾರಂಗ, ಭಾಗವತ ಪಟ್ಲ ಸತೀಶ ಶೆಟ್ಟಿಯವರು 2015ರಲ್ಲಿ ಸ್ಥಾಪಿಸಿದ, ಮುಂಬಯಿ ಮತ್ತು ಕೊಲ್ಲಿ ರಾಷ್ಟ್ರಗಳಲ್ಲಿ ಘಟಕಗಳಿರುವ ಪಟ್ಲ ಫೌಂಡೇಶನ್ ಮುಂತಾದ ಸಂಸ್ಥೆಗಳಿಗೆ ಕಲಾವಿದರ ಹೆಸರು, ಊರು, ಮನೆಯ ಸ್ಥಿತಿಗತಿ ಅದಕ್ಕೆ ಮುಂಚೆಯೇ ತಿಳಿದಿತ್ತು. ದೂರದಲ್ಲಿರುವ ಅಭಿಮಾನಿ ಕೊಟ್ಟ ಹಣ ಯಾರ ಮನೆಗೆ ಹೋಗಬೇಕೆಂಬ ಪಟ್ಟಿ ಅವರ ಬಳಿ ಸಿದ್ಧವಾಗಿತ್ತು. ಮರುವರ್ಷ, 2021ರ ಮೇ 19ರಂದು, ರಾಜ್ಯ ಸರ್ಕಾರ ಕಲಾವಿದರಿಗೆ ಘೋಷಿಸಿದ ನೆರವು ತಲಾ 3,000 ರೂಪಾಯಿ. ಸರ್ಕಾರದ ಹಣಕ್ಕೂ ಸಮಾಜದ ಹಣಕ್ಕೂ ಹೋಲಿಕೆ ಮಾಡುವುದು ಇಲ್ಲಿ ಉದ್ದೇಶವಲ್ಲ. ಪರಿಚಯ ಹಳೆಯದಾಗಿದ್ದಲ್ಲಿ ನೆರವಿಗೆ ದಾರಿ ಕೇಳಬೇಕಾಗುವುದಿಲ್ಲ ಎಂಬುದಷ್ಟೇ ಹೇಳಬೇಕಾದದ್ದು.

ಪರಿಚಯವಿಲ್ಲದ ನೆರವಿನ ಪಾಡನ್ನೂ ನಾವು ಕಂಡಿದ್ದೇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ನಾಡಿನ ಎಲ್ಲೆಡೆಯಿಂದ ವಸ್ತುಗಳು ಲಾರಿಗಳಲ್ಲಿ ಬಂದವು. ಕಳಿಸಿದವರ ಹೃದಯ ದೊಡ್ಡದು. ಆದರೆ ಬೇಕಾದದ್ದಕ್ಕಿಂತ ಬಟ್ಟೆಬರೆ ಹೆಚ್ಚಾಗಿ, ಅವನ್ನು ವಿಂಗಡಿಸುವುದೇ ಪರಿಹಾರ ಕೇಂದ್ರಗಳಿಗೆ ಒಂದು ಹೊರೆಯಾಯಿತು. ಕೇಳಿ ಕೊಡುವುದಕ್ಕೂ ಕೊಟ್ಟು ಕೇಳುವುದಕ್ಕೂ ಇರುವ ವ್ಯತ್ಯಾಸ ಇದು.

ಹಾಗಾದರೆ ಸಾಂಸ್ಕೃತಿಕ ವಿನಿಮಯದ ಕೆಲಸವೇನು? ಈ ಪರಿಚಯವನ್ನು ಶಾಂತಿಯ ಕಾಲದಲ್ಲಿ ಬೆಳೆಸುವುದು. ಅಪರಿಚಿತರು ಒಬ್ಬರಿಗೊಬ್ಬರು ದೂರವಾಣಿ ಸಂಖ್ಯೆ ಕೊಡುವುದು ಆಪತ್ತು ಬರಬಹುದೆಂಬ ಭಯದಿಂದಲ್ಲ. ಮಕ್ಕಳು ಒಂದೇ ನಾಟಕದಲ್ಲಿ ಪಾತ್ರ ವಹಿಸಿದಾಗ, ಇಬ್ಬರು ಹಿರಿಯರಿಗೆ ಒಂದೇ ದಾಸರ ಪದದ ಮೇಲೆ ಪ್ರೀತಿ ಇದೆಯೆಂದು ತಿಳಿದಾಗ, ಹಬ್ಬದ ಅಡುಗೆಯ ಬಗ್ಗೆ ವಾದ ನಡೆದಾಗ ಸಂಖ್ಯೆಗಳು ತಾವಾಗಿ ಕೈ ಬದಲಾಗುತ್ತವೆ. ಕಲೆ ಆ ಕೆಲಸವನ್ನು ಸಂತೋಷದಿಂದ ಮಾಡಿಸುತ್ತದೆ. ಅದರ ಫಲ ಮಾತ್ರ ಕಷ್ಟದ ದಿನ ಒದಗುತ್ತದೆ.

ಹೊರಗಿನ ಎರಡು ನಿದರ್ಶನಗಳು

ನಗರಗಳ ನಡುವೆ ಇಂತಹ ನಂಟು ಹೊಸದೇನಲ್ಲ. ಇಂಗ್ಲೆಂಡಿನ ಕವೆಂಟ್ರಿ ನಗರ 1940ರ ನವೆಂಬರ್‌ನಲ್ಲಿ ಬಾಂಬುದಾಳಿಯಿಂದ ನೆಲಸಮವಾಯಿತು. ಅನಂತರ ರಷ್ಯಾದ ಸ್ಟಾಲಿನ್‌ಗ್ರಾಡ್ ಮುತ್ತಿಗೆಗೆ ಸಿಕ್ಕಿತು. ಆಗ ಕವೆಂಟ್ರಿಯ 800ಕ್ಕೂ ಹೆಚ್ಚು ಮಹಿಳೆಯರು ಒಂದು ಮೇಜುಬಟ್ಟೆಯ ಮೇಲೆ ತಮ್ಮ ತಮ್ಮ ಹೆಸರುಗಳನ್ನು ಕಸೂತಿ ಹಾಕಿ, ತಲಾ ಆರು ಪೆನ್ಸ್ ಕೂಡಿಸಿ ಕಳಿಸಿಕೊಟ್ಟರು. ಬರಿಯ ಅನುಕಂಪಕ್ಕಿಂತ ಅಲ್ಪಸ್ವಲ್ಪ ನೆರವೇ ಲೇಸು ಎಂಬ ಆಶಯವನ್ನೂ ಅದರಲ್ಲಿ ಹೊಲಿದಿದ್ದರು. 1944ರಲ್ಲಿ ಎರಡೂ ನಗರಗಳು ಸೋದರ ನಗರಗಳಾದವು. ಆ ಬಟ್ಟೆಯಲ್ಲಿ ಕಲೆಯಿತ್ತು, ಹೆಸರುಗಳಿದ್ದವು, ಹಣವೂ ಜೊತೆಗಿತ್ತು. ಕೊಟ್ಟವರು ತಾವೂ ನೊಂದವರಾಗಿದ್ದರು. ಈ ನಾಲ್ಕೂ ಅಂಶಗಳು ಕೂಡಿದ್ದರಿಂದಲೇ ಅದು ನೆನಪಿನಲ್ಲಿ ಉಳಿಯಿತು. ಇಂದಿನ ಅಂತರ್ಜಾಲದ ಕಾರ್ಯಕ್ರಮಗಳಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ.

ಎರಡನೆಯ ನಿದರ್ಶನ ನಮಗೆ ಹತ್ತಿರದ್ದು. ಅಮೆರಿಕದ ಸಿನ್ಸಿನಾಟಿ ನಗರ 2012ರಿಂದ ನಮ್ಮ ಮೈಸೂರಿನ ಸೋದರ ನಗರ. ಅದೇ ಸಿನ್ಸಿನಾಟಿ 1989ರಿಂದ ಉಕ್ರೇನಿನ ಖಾರ್ಕಿವ್ ನಗರದ ಸೋದರಿಯೂ ಹೌದು. 2022ರ ಫೆಬ್ರುವರಿಯಲ್ಲಿ ಯುದ್ಧ ಆರಂಭವಾದಾಗ ಖಾರ್ಕಿವ್ ಬಗ್ಗೆ ಸಿನ್ಸಿನಾಟಿಯವರು ಭೂಪಟ ನೋಡಿ ತಿಳಿಯಬೇಕಾಗಿರಲಿಲ್ಲ. ಮೂರು ದಶಕಗಳ ಒಡನಾಟ ಅವರಿಗಿತ್ತು. ನಮಗೋ ಖಾರ್ಕಿವ್ ಎಂಬ ಹೆಸರು ಮನೆಮಾತಾದದ್ದು ಮಾರ್ಚ್ 1ರಂದು, ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಅಲ್ಲಿ ದಾಳಿಗೆ ಬಲಿಯಾದ ಮೇಲೆ. ಕನ್ನಡದ ಮಕ್ಕಳು ಅಲ್ಲಿ ಓದುತ್ತಿದ್ದರು. ಆದರೂ ಆ ನಗರದೊಂದಿಗೆ ನಮಗೆ ಯಾವ ಸಾಂಸ್ಕೃತಿಕ ಸಂಬಂಧವೂ ಇರಲಿಲ್ಲ. ನಮ್ಮ ಜನ ಹೋಗಿ ನೆಲೆಸಿದ ಊರುಗಳೊಂದಿಗೆ ನಮ್ಮ ಸಂಸ್ಥೆಗಳಿಗೆ ಸಂಬಂಧ ಬೆಳೆಯದಿದ್ದರೆ, ಆ ಊರುಗಳ ಹೆಸರು ನಮಗೆ ತಿಳಿಯುವುದು ದುಃಖದ ವಾರ್ತೆಯ ಮೂಲಕವೇ ಆಗುತ್ತದೆ.

ನಾಗಪುರ ನಮಗೆ ಪರಕೀಯವೇ?

ಬೆಂಗಳೂರಿಗೆ ಜೋಡಿಯಾಗಿ ನಾಗಪುರವೇ ಏಕೆ ಎಂದು ಕೇಳಬಹುದು. ನಾಗಪುರದ ಹೆಸರು ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ತಾಮ್ರಶಾಸನದಲ್ಲಿ. ಶಕವರ್ಷ 862ರ, ಅಂದರೆ ಕ್ರಿ.ಶ. 940ರ ಈ ಶಾಸನ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನದು. ನಾಗಪುರ–ನಂದಿವರ್ಧನ ವಿಷಯದಲ್ಲಿದ್ದ ಒಂದು ಗ್ರಾಮದ ದಾನವನ್ನು ಅದು ದಾಖಲಿಸುತ್ತದೆ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕುಳಿತ ಅರಸನ ದಾನಪತ್ರದಿಂದ ನಾಗಪುರದ ಲಿಖಿತ ಇತಿಹಾಸ ತೊಡಗುತ್ತದೆ. ಇದೇ ಅರಸನ ಕನ್ನಡ ಶಾಸನವೊಂದು ಇನ್ನೂ ಉತ್ತರಕ್ಕೆ, ಮಧ್ಯಪ್ರದೇಶದ ಜೂರಾ ಎಂಬಲ್ಲಿ ದೊರೆತಿದೆ.

ಇನ್ನೊಂದು ಕೊಂಡಿ ಕಳೆದ ಶತಮಾನದ್ದು. 1920ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಮಹಾಧಿವೇಶನ ನಾಗಪುರದಲ್ಲಿ ಸೇರಿತು. ಕನ್ನಡ ನಾಡು ಅಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಭಾಷೆಯ ಆಧಾರದ ಮೇಲೆ ಪ್ರಾಂತೀಯ ಸಮಿತಿಗಳನ್ನು ರಚಿಸಬೇಕೆಂಬ ನಿಯಮ ಆ ಅಧಿವೇಶನದಲ್ಲಿ ಅಂಗೀಕೃತವಾಯಿತು. ಕರ್ನಾಟಕಕ್ಕೆ ಪ್ರತ್ಯೇಕ ಪ್ರಾಂತೀಯ ಸಮಿತಿ ದೊರೆತು, ಗಂಗಾಧರರಾವ್ ದೇಶಪಾಂಡೆಯವರು ಅದರ ಮೊದಲ ಅಧ್ಯಕ್ಷರಾದರು. 1956ರ ಏಕೀಕರಣದ ದಾರಿಯಲ್ಲಿ ನಾಗಪುರ ಒಂದು ಮುಖ್ಯ ನಿಲ್ದಾಣ. ಅಂದು ಅಲ್ಲಿಗೆ ಹೋಗಿದ್ದ ಕನ್ನಡಿಗರು ಬರಿಗೈಯಲ್ಲಿ ಹಿಂದಿರುಗಲಿಲ್ಲ.

ಸರ್ಕಾರಿ ಮಟ್ಟದಲ್ಲಿಯೂ ನಂಟಿದೆ. 1980ರ ದಶಕದಲ್ಲಿ ಸ್ಥಾಪನೆಯಾದ ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರದ ಕಚೇರಿ ಇರುವುದು ನಾಗಪುರದಲ್ಲಿ; ಕರ್ನಾಟಕವೂ ಅದರ ಸದಸ್ಯ ರಾಜ್ಯ. ನಮ್ಮ ಜಾನಪದ ತಂಡಗಳಿಗೆ ಆ ಕೇಂದ್ರದ ದಾರಿ ಗೊತ್ತು. ಆದರೆ ನಗರವಾಸಿ ಕನ್ನಡ ಸಂಸಾರಗಳಲ್ಲಿ ಎಷ್ಟು ಮಂದಿಗೆ ಅದು ಗೊತ್ತು? 2015ರಲ್ಲಿ ಘೋಷಣೆಯಾದ ‘ಏಕ ಭಾರತ ಶ್ರೇಷ್ಠ ಭಾರತ’ ಯೋಜನೆ ಕರ್ನಾಟಕವನ್ನು ಉತ್ತರಾಖಂಡದೊಂದಿಗೂ ಮಹಾರಾಷ್ಟ್ರವನ್ನು ಒಡಿಶಾದೊಂದಿಗೂ ಜೋಡಿಸಿತು. ಅದು ದೂರದವರನ್ನು ಹತ್ತಿರ ತರುವ ಕ್ರಮ. ನೆರೆಯವರನ್ನು ಹತ್ತಿರ ತರುವ ಕೆಲಸವನ್ನು ಮಾತ್ರ ಅದು ನಮಗೇ ಬಿಟ್ಟಿದೆ.

ಆ ಕೆಲಸ ಎಷ್ಟು ಅಗತ್ಯವೆಂಬುದನ್ನು 2022ರ ಡಿಸೆಂಬರ್ ತೋರಿಸಿತು. ಗಡಿ ವಿವಾದ ಮತ್ತೆ ಉಲ್ಬಣಿಸಿ, ಎರಡೂ ರಾಜ್ಯಗಳ ವಾಹನಗಳ ಮೇಲೆ ಕಲ್ಲು ಬಿದ್ದವು, ಬಸ್ಸುಗಳ ಓಡಾಟ ನಿಂತಿತು. ಡಿಸೆಂಬರ್ 22ರಂದು ಬೆಳಗಾವಿಯ ಅಧಿವೇಶನದಲ್ಲಿ ಕರ್ನಾಟಕದ ಶಾಸಕಾಂಗ ಒಂದು ನಿರ್ಣಯವನ್ನು ಅಂಗೀಕರಿಸಿತು. ಐದು ದಿನಗಳ ತರುವಾಯ, 27ರಂದು, ನಾಗಪುರದ ಅಧಿವೇಶನದಲ್ಲಿ ಮಹಾರಾಷ್ಟ್ರದ ಶಾಸಕಾಂಗ ಅದಕ್ಕೆ ವಿರುದ್ಧವಾದ ನಿರ್ಣಯವನ್ನು ಅಂಗೀಕರಿಸಿತು. ಚಳಿಗಾಲದ ಅಧಿವೇಶನ ನಡೆಯುವ ಈ ಎರಡು ನಗರಗಳು ಆ ವಾರ ಎದುರುಬದುರಾಗಿ ನಿಂತವು. ವ್ಯಾಜ್ಯ 2004ರಿಂದ ಸರ್ವೋಚ್ಚ ನ್ಯಾಯಾಲಯದಲ್ಲಿದೆ. ಅದರ ತೀರ್ಮಾನ ಅಲ್ಲಿಯೇ ಆಗಲಿ. ಆದರೆ ನಾಗಪುರದ ಕನ್ನಡ ಸಂಸಾರಕ್ಕೂ ಬೆಳಗಾವಿಯ ಮರಾಠಿ ಸಂಸಾರಕ್ಕೂ ಆ ದಿನಗಳಲ್ಲಿ ಬೇಕಾಗಿದ್ದದ್ದು ನೆರೆಹೊರೆಯ ವಿಶ್ವಾಸ. ಅಂತಹ ವಿಶ್ವಾಸವನ್ನು ಯಾವ ನಿರ್ಣಯವೂ ತಂದುಕೊಡಲಾರದು. ಕುಮಾರ ಗಂಧರ್ವ, ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರರಂತಹ ಗಾಯಕರನ್ನು ಎರಡೂ ಭಾಷೆಗಳ ಜನ ನಮ್ಮವರೆಂದೇ ಕೇಳುತ್ತ ಬಂದಿದ್ದಾರೆ. ಈ ಹಂಚಿಕೊಂಡ ಸಿರಿಯ ಸುತ್ತ ಒಂದು ಸಂಜೆ ಕೂಡುವುದಕ್ಕೆ ಯಾವ ಗಡಿಯೂ ಅಡ್ಡ ಬರುವುದಿಲ್ಲ.

ಬುಟಿಬೋರಿಯಂತಹ ಊರುಗಳ ಪಾಲು

ಮುಂಬಯಿಯ ಕನ್ನಡಿಗರಿಗೆ 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಇದೆ, 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ ಇದೆ. ಇಂತಹ ಹಳೆಯ ಆಲದ ಮರಗಳ ನೆರಳು ಕೈಗಾರಿಕಾ ಪ್ರದೇಶಗಳಿಗೆ ಬೀಳುವುದಿಲ್ಲ. ಬುಟಿಬೋರಿಯಂತಹ ಊರಿಗೆ ಮನುಷ್ಯ ಉದ್ಯೋಗಕ್ಕಾಗಿ ಬರುತ್ತಾನೆ. ಕೆಲವರು ವರ್ಗವಾಗಿ ಹೋಗುತ್ತಾರೆ, ಕೆಲವರು ಮನೆ ಕಟ್ಟಿ ನಿಲ್ಲುತ್ತಾರೆ. ಪಾಳಿಯ ಕೆಲಸ, ನಗರಕ್ಕೆ ಹೋಗಿ ಬರಲು ಅರ್ಧ ದಿನ, ಮಕ್ಕಳಿಗೆ ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್. ಕನ್ನಡ ಮನೆಯೊಳಗಿನ ಭಾಷೆಯಾಗಿ, ಕ್ರಮೇಣ ಅಡುಗೆಮನೆಯ ಭಾಷೆಯಾಗಿ, ಕೊನೆಗೆ ಊರಿನ ಅಜ್ಜಿಯೊಂದಿಗೆ ದೂರವಾಣಿಯಲ್ಲಿ ಆಡುವ ನಾಲ್ಕು ಮಾತಾಗಿ ಉಳಿಯುತ್ತದೆ. ಇಂತಹ ಕಡೆ ಸಭಾಭವನ ಕಟ್ಟುವಷ್ಟು ಜನರಾಗಲಿ ಹಣವಾಗಲಿ ಇರುವುದಿಲ್ಲ. ಅಂತರ್ಜಾಲದ ವೇದಿಕೆ ಮಹಾನಗರದ ಸಂಘಕ್ಕೆ ಒಂದು ಹೆಚ್ಚುವರಿ ಸೌಕರ್ಯವಾದರೆ, ಇಂತಹ ಊರುಗಳಿಗೆ ಅದೇ ಸಭಾಭವನ.

2022ರ ನಂತರ ಸಭಾಂಗಣಗಳು ತೆರೆದುಕೊಂಡವು. ಮಹಾನಗರದ ಸಂಘಗಳು ಸಹಜವಾಗಿಯೇ ವೇದಿಕೆಗೆ ಮರಳಿದವು. ಅಂತರ್ಜಾಲದ ಕಾರ್ಯಕ್ರಮಗಳು ವಿರಳವಾದವು. ಎರಡು ವರ್ಷ ತೆರೆದಿದ್ದ ಬಾಗಿಲು ದೂರದ ಊರಿನವರ ಪಾಲಿಗೆ ಮತ್ತೆ ಮುಚ್ಚಿತು. ಇದನ್ನು ಯಾರೂ ಬೇಕೆಂದು ಮಾಡಲಿಲ್ಲ. ಆದರೂ ನಷ್ಟ ನಷ್ಟವೇ.

ಬುಟಿಬೋರಿಯವರನ್ನು ನೆರವು ಪಡೆಯುವವರೆಂದು ಮಾತ್ರ ಎಣಿಸಿದರೆ ತಪ್ಪಾಗುತ್ತದೆ. ದೊಡ್ಡ ಕಾರ್ಖಾನೆಗಳನ್ನು ನಡೆಸುವ ಅನುಭವಿಗಳು ಇರುವುದು ಇಂತಹ ಊರುಗಳಲ್ಲಿ. ಒತ್ತಡದ ಅನಿಲವನ್ನು ಹೇಗೆ ಸಾಗಿಸಬೇಕು, ಸಿಲಿಂಡರಿನ ಕವಾಟವನ್ನು ಹೇಗೆ ಪರೀಕ್ಷಿಸಬೇಕು, ವಿದ್ಯುತ್ ನಿಂತಾಗ ಏನು ಮಾಡಬೇಕು ಎಂಬುದನ್ನು ಬಲ್ಲ ಒಬ್ಬ ಹಿರಿಯ ತಂತ್ರಜ್ಞ 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಹತ್ತು ಮನೆಗಳಿಗೆ ಕನ್ನಡದಲ್ಲಿ ತಿಳಿಹೇಳಬಲ್ಲವನಾಗಿದ್ದ. ಮಹಾನಗರದ ಸಂಘದ ಪಟ್ಟಿಯಲ್ಲಿ ಅವನ ಹೆಸರು ಇರಬೇಕಾದದ್ದು ಸದಸ್ಯತ್ವದ ಚಂದಾ ಲೆಕ್ಕಕ್ಕಾಗಿ ಅಲ್ಲ, ಅವನ ಬಳಿ ಇರುವ ತಿಳಿವಳಿಕೆಗಾಗಿ.

ಏನು ಮಾಡಬಹುದು?

ದೊಡ್ಡ ಯೋಜನೆ ಬೇಕಾಗಿಲ್ಲ. ಒಂದು ಮಹಾನಗರದ ಸಂಘ ಒಂದೇ ಒಂದು ಹೊರನಾಡ ಊರನ್ನು ಜೊತೆಗಾರನನ್ನಾಗಿ ಆರಿಸಿಕೊಳ್ಳಲಿ. ಹತ್ತು ಊರುಗಳೊಂದಿಗೆ ಹೆಸರಿಗೆ ಮಾತ್ರ ಸಂಬಂಧ ಇಟ್ಟುಕೊಳ್ಳುವುದಕ್ಕಿಂತ ಒಂದರೊಂದಿಗೆ ಗಟ್ಟಿಯಾಗಿ ನಿಲ್ಲುವುದು ಮೇಲು. ತಿಂಗಳಿಗೆ ಒಂದು ಸಂಜೆ ಸಾಕು. ಒಂದು ತಿಂಗಳು ಅವರು ನಡೆಸಲಿ, ಇನ್ನೊಂದು ತಿಂಗಳು ಇವರು. ಖ್ಯಾತನಾಮರ ಕಛೇರಿಗಿಂತ ಮನೆಮಕ್ಕಳ ಓದು, ಹಾಡು, ಸಣ್ಣ ನಾಟಕ ಇದಕ್ಕೆ ಹೆಚ್ಚು ಒಪ್ಪುತ್ತವೆ; ಖ್ಯಾತರ ಹಾಡನ್ನು ಕೇಳಿ ಎದ್ದು ಹೋಗುತ್ತೇವೆ, ಪರಿಚಿತ ಮಗುವಿನ ಹಾಡನ್ನು ಕೇಳಿ ಅದರ ತಾಯಿಯೊಂದಿಗೆ ಮಾತಿಗೆ ತೊಡ‌ಗುತ್ತೇವೆ. ನಾಗಪುರದ ಸರದಿಯಲ್ಲಿ ಮರಾಠಿ ನೆರೆಯವರನ್ನೂ ಕರೆಯಲಿ.

ಪ್ರತಿ ಸಂಜೆಯ ಕೊನೆಗೆ ಐದು ನಿಮಿಷ ಊರಿನ ಸ್ಥಿತಿಗತಿಗೆ ಮೀಸಲಾಗಿರಲಿ: ಕೆರೆಯ ಮಟ್ಟ, ಜ್ವರದ ಹಾವಳಿ, ಯಾರ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಯಾರ ಮಗ ಆ ಊರಿಗೆ ಹೊಸದಾಗಿ ಕೆಲಸಕ್ಕೆ ಬರುತ್ತಿದ್ದಾನೆ. ಎರಡೂ ಕಡೆ ಇಬ್ಬಿಬ್ಬರು ಹೊಣೆಗಾರರಿರಲಿ. ಸಂಕಟದ ದಿನ ಸುದ್ದಿಯನ್ನು ಪರಿಶೀಲಿಸಿ ಹೇಳುವ ಅಧಿಕಾರ ಅವರದಾಗಿರಲಿ. ನೆರವು ಎಷ್ಟು ವೇಗವಾಗಿ ಹರಡಬಲ್ಲದೋ ವದಂತಿಯೂ ಅಷ್ಟೇ ವೇಗವಾಗಿ ಹರಡುತ್ತದೆ ಎಂಬುದು 2021ರ ಪಾಠ. ಹಣದ ವಿಷಯದಲ್ಲಿ ಸಂಘದ ಹೆಸರಿನ ಖಾತೆ, ಎಲ್ಲರಿಗೂ ಕಾಣುವ ಲೆಕ್ಕ, ಏನು ಬೇಕೆಂದು ನೊಂದವರೇ ಹೇಳುವ ಕ್ರಮ, ಇವು ಇರಲಿ.

ಇದರಿಂದ ಎಲ್ಲ ಕಷ್ಟವೂ ನಿವಾರಣೆಯಾಗುತ್ತದೆಂದು ಯಾರೂ ಹೇಳಲಾರರು. ಆಸ್ಪತ್ರೆ, ರಾಜಕಾಲುವೆ, ಆಮ್ಲಜನಕದ ಟ್ಯಾಂಕರು ಸರ್ಕಾರದ ಹೊಣೆ. ಆ ಹೊಣೆಯನ್ನು ಸಂಘಗಳ ಸೌಜನ್ಯದ ಮೇಲೆ ಹೊರಿಸಿ ಸರ್ಕಾರಗಳು ಕೈತೊಳೆದುಕೊಳ್ಳುವಂತಾಗಬಾರದು. ಆದರೆ ಸರ್ಕಾರದ ಟ್ಯಾಂಕರು ಬರುವವರೆಗಿನ ಹದಿನೆಂಟು ದಿನಗಳನ್ನು ಜನ ತಮ್ಮ ತಮ್ಮಲ್ಲಿಯೇ ದಾಟಬೇಕಾಗುತ್ತದೆ. ಆ ದಿನಗಳಲ್ಲಿ ಯಾರನ್ನು ಕರೆಯಬೇಕೆಂದು ತಿಳಿದಿರುವವನು ಒಬ್ಬಂಟಿಯಲ್ಲ.

ಮುಂದಿನ ಸರದಿ ಯಾವ ನಗರದ್ದೆಂದು ಯಾರಿಗೂ ಗೊತ್ತಿಲ್ಲ. ನಮ್ಮ ಸಂಘಗಳ ಈ ವರ್ಷದ ಕಾರ್ಯಕ್ರಮ ಪಟ್ಟಿಯಲ್ಲಿ ಯುಗಾದಿ ಇರುತ್ತದೆ, ದಸರಾ ಇರುತ್ತದೆ, ರಾಜ್ಯೋತ್ಸವ ಇರುತ್ತದೆ. ಅವುಗಳ ನಡುವೆ, ಮಳೆಗಾಲಕ್ಕೆ ಮುಂಚೆ, ಒಂದು ಭಾನುವಾರದ ಸಂಜೆಯನ್ನು ಬುಟಿಬೋರಿಯಂತಹ ಊರೊಂದಕ್ಕಾಗಿ ತೆಗೆದಿಡುವುದು ಕಷ್ಟವಾಗಲಾರದು.